ಸೂಜಿ ಅತ್ತೆಯ ಖಾಲಿ ಕುರ್ಚಿ

ನನ್ನ ಸೋದರತ್ತೆ ಸತ್ತವರ ಜೊತೆ ಮಾತಾಡುತ್ತಾಳೆ ಎಂದರೆ ನೀವು ನಂಬುವುದಿಲ್ಲ. ಬೇಡ ಬಿಡಿ. ಬದುಕಿರುವವರ ಜೊತೆ ಅವಳು ಮಾತಾಡುವ ರೀತಿಯನ್ನು ಒಮ್ಮೆ ಕೇಳಿದ್ದರೆ, ಈಕೆಗೆ ಸತ್ತವರ ಸಹವಾಸವೇ ಸರಿ, ಅವರಾದರೂ ಎದ್ದು ಓಡಿಹೋಗುವುದಿಲ್ಲ ಎಂದು ನೀವೇ ಹೇಳುತ್ತಿದ್ದಿರಿ.

ಹೆಸರು ಹೇಳುವುದಿಲ್ಲ. ಹೇಳಿದರೆ ಅವಳಿಗೆ ಹೇಗೋ ಗೊತ್ತಾಗಿಬಿಡುತ್ತದೆ. ಮೊಳಕಾಲ್ಮುರು ಕಡೆಯ ಹಳ್ಳಿಗಳಲ್ಲಿ ಸರ್ಕಾರಿ ನರ್ಸಮ್ಮನಾಗಿ ಬಸುರಿ ಬಾಣಂತಿಯರನ್ನು ನೋಡಿಕೊಳ್ಳುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವಳು. ಮದುವೆಯಾಗಲಿಲ್ಲ. ನಿವೃತ್ತಿಯಾದ ಮೇಲೆ ಚಳ್ಳಕೆರೆಗೆ ಬಂದು ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ಕೋಣೆ ಹಿಡಿದಳು. ಆ ವಯಸ್ಸಿನ ಬೇರೆ ಹೆಂಗಸರು ಭಜನೆಗೆ ಹೋಗುತ್ತಾರೆ. ಇವಳು ಹೆಂಗಸರ ಡಾಕ್ಟರೊಬ್ಬರ ಕ್ಲಿನಿಕ್ಕಿಗೆ ಹೋಗಿ ಕೂರತೊಡಗಿದಳು. ಅಲ್ಲಿ ಅವಳ ಹುದ್ದೆ ಏನೆಂದು ಡಾಕ್ಟರಮ್ಮನಿಗೂ ಗೊತ್ತಿರಲಿಲ್ಲ. ಬಂದವರನ್ನೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಸೂಜಿ ಆತಾ?" ಹಾಗಾಗಿ ಊರಿಗೆಲ್ಲ ಅವಳು ಸೂಜಿ ಅತ್ತೆ.

ಹೋದಲ್ಲೆಲ್ಲ ಅವಳ ಕೈಯಲ್ಲಿ ಒಂದು ನೀಲಿ ಡಬ್ಬಿ ಇರುತ್ತಿತ್ತು. ಹಿಂದೆ ಲಸಿಕೆಯನ್ನು ಐಸಿನಲ್ಲಿಟ್ಟು ಹಳ್ಳಿಗಳಿಗೆ ಒಯ್ಯುತ್ತಿದ್ದ ಡಬ್ಬಿ. ಹಿಡಿಕೆ ಮುರಿಯಿತೆಂದು ಎಸೆಯಲಿದ್ದದ್ದನ್ನು ಕೇಳಿ ತಂದುಕೊಂಡಿದ್ದಳು. ಒಮ್ಮೆ ಬಸ್ಸಿನಲ್ಲಿ ಕಂಡಕ್ಟರ್ ಕೇಳಿದ, "ಏನೈತಮ್ಮ ಇದ್ರಾಗೆ?"

ಅತ್ತೆ ಕಿಟಕಿಯಾಚೆ ನೋಡುತ್ತಾ, "ಪ್ರಾಣ ಐತಪ್ಪ," ಎಂದಳು.

ಪಕ್ಕದಲ್ಲಿದ್ದವನು ಎದ್ದು ಹಿಂದಿನ ಸೀಟಿಗೆ ಹೋದ. ಪರಶುರಾಂಪುರದವರೆಗೂ ಅತ್ತೆ ಇಬ್ಬರ ಜಾಗದಲ್ಲಿ ಒಬ್ಬಳೇ ಕೂತು ಹೋದಳು. ಡಬ್ಬಿಯಲ್ಲಿದ್ದದ್ದು ಮಜ್ಜಿಗೆ.

ನಮ್ಮ ನೆಂಟರ ಮದುವೆಯೊಂದರಲ್ಲಿ ನಡೆದದ್ದು ಇದಕ್ಕಿಂತ ಕಷ್ಟದ್ದು. ಅಕ್ಷತೆ ಹಾಕಲು ವೇದಿಕೆ ಹತ್ತಿದ ಅತ್ತೆ ಮದುಮಗಳ ಕಿವಿಯಲ್ಲಿ ಏನೋ ಹೇಳಿದಳು. ಹುಡುಗಿಯ ಮುಖ ಬಿಳಿಚಿಕೊಂಡಿತು. ವಿಡಿಯೋದಲ್ಲಿ ಈಗಲೂ ನೋಡಬಹುದು; ಅಲ್ಲಿಂದ ಮುಂದೆ ಅವಳು ಒಂದು ಸಲವೂ ನಕ್ಕಿಲ್ಲ. ಅತ್ತೆ ಹೇಳಿದ್ದು ಇಷ್ಟೇ: "ಕಣ್ಣು ಕಾಣ್ದಿರೋ ಕೂಸೊಂದು ನಿನ್ನ ಹಿಂದೆ ನಿಂತೈತೆ. ತಿರುಗಿ ನೋಡಬ್ಯಾಡ. ಕ್ಲಿನಿಕ್ಕಿಗೆ ಬಾ."

ಮೂರನೇ ದಿನ ಹುಡುಗಿ ಬಂದಳು, ಜೊತೆಗೆ ಅವಳ ಗಂಡನ ತಾಯಿ. "ಇವಳಿಗೆ ಏನೋ ಗಾಳಿ ಸೋಕೈತೆ, ಬಿಡಿಸ್ರಿ," ಎಂದು ಆಕೆ ಕೈಮುಗಿದರು. ಡಾಕ್ಟರಮ್ಮ ಅತ್ತೆಯತ್ತ ಒಂದು ನೋಟ ಬೀರಿ, ಸಮಾಧಾನವಾಗಿ ವಿವರಿಸಿದರು. ಬಸುರಿನಲ್ಲಿ ರುಬೆಲ್ಲಾ ಎಂಬ ದಡಾರದಂಥ ಜ್ವರ ಬಂದರೆ ಕೂಸಿನ ಕಣ್ಣು, ಕಿವಿ, ಹೃದಯಕ್ಕೆ ಪೆಟ್ಟು ಬೀಳಬಹುದು. ಅದರ ಲಸಿಕೆಯನ್ನು ಬಸುರಾಗುವ ಮೊದಲೇ ಹಾಕಿಸಿಕೊಳ್ಳಬೇಕು, ಆದಮೇಲೆ ಕೊಡುವುದಿಲ್ಲ. ಹುಡುಗಿ ಚಿಕ್ಕವಳಿದ್ದಾಗ ಅದನ್ನು ಹಾಕಿಸಿರಲಿಲ್ಲ. ಅವತ್ತು ಹಾಕಿದರು, ಒಂದು ತಿಂಗಳು ಬಸುರಾಗದಂತೆ ನೋಡಿಕೊಳ್ಳಬೇಕೆಂದರು.

"ಇಷ್ಟು ಸಣ್ಣ ಸೂಜಿಗೆ ಗಾಳಿ ಬಿಡ್ತೈತಾ?" ಗಂಡನ ತಾಯಿಗೆ ಅನುಮಾನ.

"ಸಣ್ಣ ಗಾಳೀನೇ ಬಿಡ್ರಿ," ಎಂದಳು ಅತ್ತೆ.

ಅವರು ಹೋದ ಮೇಲೆ ಡಾಕ್ಟರಮ್ಮ ಬೈದರು. "ಹೆದರಿಸಬ್ಯಾಡ್ರಿ ನರ್ಸಮ್ಮ. ತಿಳಿಸಿ ಹೇಳ್ರಿ."

"ತಿಳಿಸಿ ಹೇಳಾಕೆ ನೀವಿದ್ದೀರಲ್ರಿ. ನಿಮ್ಮ ತಾವ ಬರಂಗೆ ಮಾಡೋದು ನನ್ನ ಕೆಲಸ."

ಇದೆಲ್ಲ ನಗುವ ಮಾತಾಯಿತು. ನಗು ನಿಲ್ಲುತ್ತಿದ್ದದ್ದು ಆ ಕುರ್ಚಿಯ ಹತ್ತಿರ.

ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಗೋಡೆಗುಂಟ ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಕಿಟಕಿ ಪಕ್ಕದ್ದರಲ್ಲಿ ಯಾರೂ ಕೂರುವಂತಿಲ್ಲ. ಕೂರಲು ಹೋದರೆ ಅತ್ತೆ, "ಅಲ್ಲಿ ಕುಂದ್ರಬ್ಯಾಡ, ಅಲ್ಲೊಬ್ಳು ಕುಂತವ್ಳೆ," ಎನ್ನುತ್ತಿದ್ದಳು. ದನಿ ಏರಿಸುತ್ತಿರಲಿಲ್ಲ, ಕಣ್ಣು ಅಗಲಿಸುತ್ತಿರಲಿಲ್ಲ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದವರು ಹೇಳುವ ಹಾಗೆ. ತುಂಬು ಬಸುರಿಯರು ಕೂಡ ಗೋಡೆ ಹಿಡಿದು ನಿಂತಿರುತ್ತಿದ್ದರೇ ಹೊರತು ಆ ಕುರ್ಚಿಯ ಹತ್ತಿರ ಹೋಗುತ್ತಿರಲಿಲ್ಲ.

ಒಂದು ದಿನ ಎಣ್ಣೆ ಮಿಲ್ಲಿನವರ ಮನೆಯ ಹೆಂಗಸೊಬ್ಬರು ಬಂದು ಅದರಲ್ಲೇ ಕೂತರು. ದಪ್ಪ ಆಳು, ಧೈರ್ಯದ ಮಾತು. ಬೇಸಿಗೆಯ ಮಟಮಟ ಮಧ್ಯಾಹ್ನ, ಕರೆಂಟು ಹೋಗಿ ಫ್ಯಾನು ನಿಂತಿತ್ತು. ಅತ್ತೆಗೆ ಊಟ ಕೊಡಲು ಹೋಗಿದ್ದ ನಾನೂ ಅಲ್ಲೇ ಇದ್ದೆ.

"ಇಲ್ಲಿ ಯಾರೂ ಇಲ್ವಲ್ರೀ," ಎಂದರು ಆಕೆ.

"ಕುಂತ್ಕಳ್ರಿ, ಪರವಾಗಿಲ್ಲ. ಅವಳು ಸಣ್ಣಕವ್ಳೆ. ನಿಮ್ಮ ತೊಡೆ ಮ್ಯಾಲೆ ಕುಂದ್ರತಾಳೆ."

ಯಾರೋ ಕಿಸಕ್ಕೆಂದರು. ಆಕೆಯೂ ನಕ್ಕರು. ನಗುತ್ತಿದ್ದವರು ಮೆಲ್ಲಗೆ ನಿಲ್ಲಿಸಿದರು. ನಾವೆಲ್ಲ ಬೆವರು ಒರೆಸಿಕೊಳ್ಳುತ್ತಿದ್ದಾಗ ಆಕೆಯ ಎರಡೂ ತೋಳಿನ ಮೇಲೆ ಮುಳ್ಳು ಎದ್ದದ್ದನ್ನು ನಾನು ಕಣ್ಣಾರೆ ನೋಡಿದೆ. "ತೊಡೆ ತಣ್ಣಗಾತು," ಎಂದು ಎದ್ದು ನಿಂತರು. ಮತ್ತೆ ಕೂರಲಿಲ್ಲ.

ಆಕೆ ಬಂದದ್ದು ರಕ್ತಸ್ರಾವ ತೋರಿಸಲು. ಡಾಕ್ಟರಮ್ಮ ಪರೀಕ್ಷೆ ಮಾಡಿ, ಹೆದರುವಂಥದ್ದೇನಿಲ್ಲ ಎಂದರು. ಹಾಗೆಯೇ ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರೆಯೇ ಎಂದು ಕೇಳಿ, ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬಾರದಂತೆ ತಡೆಯುವ ಲಸಿಕೆಯ ವಿಷಯ ಹೇಳಿದರು. ಆಕೆ ಹೊರಗೆ ಬಂದು ಅತ್ತೆಯನ್ನು ಮೆಲ್ಲಗೆ ಕೇಳಿದರು, "ಮದುವೆ ಆಗದ ಹುಡುಗೀರಿಗೆ ಅಂಥಾ ಸೂಜಿ ಯಾಕ್ರೀ?"

"ಮದುವೆಗೆ ಮುಂಚೆ, ಚಿಕ್ಕ ವಯಸ್ಸಿಗೇ ಕೊಟ್ರೆ ಚೆನ್ನಾಗಿ ಕೆಲಸ ಮಾಡ್ತೈತೆ ಕಣ್ರೀ. ನನ್ನ ಮಾತು ನಂಬದಿದ್ರೆ ಅಲ್ಲಿ ಕುಂತೋಳ್ನ ಕೇಳ್ರಿ."

ಆಕೆ ಕೇಳಲಿಲ್ಲ. ಮುಂದಿನ ವಾರ ಇಬ್ಬರು ಹೆಣ್ಣುಮಕ್ಕಳನ್ನೂ ಕರೆತಂದರು. ಕಿರಿಯವಳು ಒಳಗೆ ಹೋಗುವ ಮೊದಲು ಖಾಲಿ ಕುರ್ಚಿಗೆ ನಮಸ್ಕಾರ ಮಾಡಿದಳಂತೆ.

ಅತ್ತೆ ನಾಟಕ ಆಡುತ್ತಾಳೆ, ಆದರೆ ಒಳ್ಳೆಯದಕ್ಕೆ ಆಡುತ್ತಾಳೆ ಎಂದು ನಾನು ತೀರ್ಮಾನಿಸಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು, ಬೇರೆ ಹೇಗೆ ತೀರ್ಮಾನಿಸಲಿ? ಆದರೆ ಒಂದು ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಹೋದಾಗ ಕ್ಲಿನಿಕ್ಕಿನಲ್ಲಿ ಯಾರೂ ಇರಲಿಲ್ಲ. ಅತ್ತೆ ಬಾಗಿಲಿಗೆ ಬೆನ್ನು ಮಾಡಿ, ಆ ಕುರ್ಚಿಯ ಮುಂದೆ ನೆಲದ ಮೇಲೆ ಕೂತಿದ್ದಳು. "ಇವತ್ತು ಏಳು ಜನ ಹಾಕಿಸ್ಕಂಡ್ರು ಕಣವ್ವ," ಎಂದು ಹೇಳಿದಳು. ಏನೋ ಕೇಳಿಸಿಕೊಂಡವಳಂತೆ ತಲೆ ತೂಗಿ, "ಹೂಂ, ಸಾಲಲ್ಲ. ಗೊತ್ತು," ಎಂದಳು.

ನೋಡುವವರೇ ಇಲ್ಲದಾಗ ನಾಟಕ ಯಾರಿಗೆ? ನಾನು ಡಬ್ಬಿಯನ್ನು ಹೊಸ್ತಿಲ ಬಳಿ ಇಟ್ಟು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಂದುಬಿಟ್ಟೆ.

ಕೆಲವು ವರ್ಷಗಳ ಹಿಂದೆ ನಾನು ಬಸುರಿಯಾದೆ. ಮೂರನೇ ತಿಂಗಳಲ್ಲಿ ಧನುರ್ವಾಯುವಿನ ಮೊದಲ ಸೂಜಿ ಹಾಕಿಸಿಕೊಂಡೆ. ತೋಳು ಊದಿತು, ಎರಡು ದಿನ ಮೈ ಬೆಚ್ಚಗಾಯಿತು. ಹೀಗಾಗುವುದು ಸಹಜ ಎಂದು ಡಾಕ್ಟರಮ್ಮ ಹೇಳಿದ್ದರು. ಆದರೂ ತಿಂಗಳು ಕಳೆದು ಎರಡನೆಯದರ ದಿನ ಬಂದಾಗ ನನಗೆ ಮನಸ್ಸಾಗಲಿಲ್ಲ. ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆ, ಎಲ್ಲ ಶುಭ್ರವಾಗಿರುತ್ತದೆ, ಒಂದು ಸಾಕು ಎಂದುಕೊಂಡೆ. ಡಾಕ್ಟರಮ್ಮ ಕೇಳಿದಾಗ, ತವರಿಗೆ ಹೋದಾಗ ಅಲ್ಲೇ ಹಾಕಿಸಿಕೊಂಡೆ ಎಂದುಬಿಟ್ಟೆ. ತವರು ಇದ್ದದ್ದು ನನ್ನಿವಾಳದಲ್ಲಿ, ಬಸ್ಸಿನಲ್ಲಿ ಸ್ವಲ್ಪವೇ ದೂರ. ಅಲ್ಲಿಗೆ ನಾನು ಆ ತಿಂಗಳು ಹೋಗಿಯೇ ಇರಲಿಲ್ಲ. ಆದರೂ ಅವರು ನಂಬಿ ಬರೆದುಕೊಂಡರು. ಓದಿದವಳ ಸುಳ್ಳಿಗೆ ಬೆಲೆ ಹೆಚ್ಚು.

ಹೊರಗೆ ಬಂದೆ. ಅತ್ತೆ ನನ್ನನ್ನು ಸೂಜಿ ಆತಾ ಎಂದು ಕೇಳಲಿಲ್ಲ. ಅದಕ್ಕೇ ನನಗೆ ಭಯವಾದದ್ದು. ಕಿಟಕಿಯ ಕಡೆ ಒಮ್ಮೆ ನೋಡಿ, "ಭಾನುವಾರ ರಜಾ ಅಲ್ವಾ? ಒಂದು ಊರಿಗೆ ಹೋಗಿ ಬರಾನ ಬಾ," ಎಂದಳು.

ಮೊಳಕಾಲ್ಮುರು ಬಸ್ಸು ಹತ್ತಿ, ಅಲ್ಲಿಂದ ಆಟೋ ಮಾಡಿಕೊಂಡು ಹೋದೆವು. ಆಂಧ್ರದ ಗಡಿಗೆ ಹತ್ತಿರದ ಒಂದು ಸಣ್ಣ ಹಟ್ಟಿ. ಬಿಸಿಲು ನೆತ್ತಿಯ ಮೇಲಿತ್ತು. ಕುರಿಗಳನ್ನು ಮರದಡಿ ನಿಲ್ಲಿಸಿಕೊಂಡಿದ್ದ ಮುದುಕಿಯೊಬ್ಬಳು ಅತ್ತೆಯನ್ನು ಕಂಡು ಎದ್ದಳು. "ನರ್ಸಮ್ಮ ವಚ್ಚಿಂದಿ," ನರ್ಸಮ್ಮ ಬಂದಳು ಎಂದು ತೆಲುಗಿನಲ್ಲಿ ತನಗೆ ತಾನೇ ಹೇಳಿಕೊಂಡು, ಕುರಿಗಳನ್ನು ಹೊಡೆದುಕೊಂಡು ದೂರ ಹೋಗಿಬಿಟ್ಟಳು.

ಅತ್ತೆ ಹಟ್ಟಿಯೊಳಗೆ ಹೋಗಲಿಲ್ಲ. ಬೇಲಿಯಾಚೆ ಕಾಲುದಾರಿಯಲ್ಲಿ ನಡೆದಳು. ಅಲ್ಲೊಂದು ಪಾಳು ಗುಡಿಸಲು. ಸೂರು ಇಲ್ಲ, ಎದೆಮಟ್ಟದ ಕಲ್ಲುಗೋಡೆ ಮಾತ್ರ. ಹಿಂದೆ ಆ ಹಟ್ಟಿಯ ಹೆಂಗಸರ ಹೆರಿಗೆ ಆಗುತ್ತಿದ್ದದ್ದು ಅದರಲ್ಲಂತೆ. ಈಗ ಎಲ್ಲರೂ ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿಗೆ ಹೋಗುತ್ತಿದ್ದಂತೆ ಗಾಳಿ ನಿಂತಿತು. ಅಷ್ಟು ಹೊತ್ತು ನಮ್ಮ ಹಿಂದೆ ಬೊಗಳಿಕೊಂಡು ಬಂದಿದ್ದ ನಾಯಿ ಕಾಲುದಾರಿಯಲ್ಲೇ ಕೂತುಬಿಟ್ಟಿತು.

"ಬಂದೀನಿ ಕಣೆ ಈರಕ್ಕ," ಎಂದಳು ಅತ್ತೆ ಗೋಡೆಯೊಳಕ್ಕೆ ನೋಡಿ. "ನಮ್ಮಣ್ಣನ ಮಗಳು ಇವಳು."

ನಾನು ಒಂದು ಹೆಜ್ಜೆ ಹಿಂದೆ ಸರಿದೆ. "ಯಾರತ್ತೆ ಈರಕ್ಕ?"

ಅತ್ತೆ ಕಲ್ಲಿನ ಮೇಲೆ ಕೂತಳು. ಅವಳು ಹೇಳಿದ್ದು ಇದು. ಕೆಲಸಕ್ಕೆ ಸೇರಿದ ಹೊಸದು. ನೀಲಿ ಡಬ್ಬಿ ಹೊತ್ತುಕೊಂಡು ಸುತ್ತಿನ ಊರುಗಳನ್ನೆಲ್ಲ ಮುಗಿಸಿ ಈ ಹಟ್ಟಿಗೆ ಬಂದಾಗ ಸಾಯಂಕಾಲದ ಬಸ್ಸಿಗೆ ಹೊತ್ತಾಗಿತ್ತು. ಚೊಚ್ಚಲ ಬಸುರಿ ಈರಕ್ಕ ದಾರಿಯಲ್ಲೇ ಕಾಯುತ್ತಿದ್ದಳು. ಸೂಜಿ ಎಂದರೆ ಹೆದರುವವಳಲ್ಲ.

"ರವಿಕೆ ತೋಳು ಮ್ಯಾಕೆ ಮಾಡ್ಕಂಡು ನಿಂತಿದ್ಳು ಕಣೆ. ಡಬ್ಬಿ ತೆಗೆದು ನೋಡ್ತೀನಿ, ಔಷಧಿ ಖಾಲಿ. ಮುಂದಿನ ವಾರ ತಂದು ಹಾಕ್ತೀನಿ, ಹೋಗು ಅಂದೆ. ಪುಸ್ತಕದಾಗೆ ಮಾತ್ರ ಹಾಕಿದೆ ಅಂತ ಅವತ್ತೇ ಬರ್ಕಂಡೆ. ಮುಂದಿನ ವಾರ ನನ್ನ ನೋಡಾಕೆ ಗಂಡಿನ ಕಡೇರು ಬಂದ್ರು, ರಜಾ ಹಾಕಿದೆ. ಅದರ ಮುಂದಿನ ವಾರ ಅಂದ್ಕಂಡೆ. ಹಂಗೇ ತಿಂಗಳುಗಳು ಹೋದವು."

ಹೆರಿಗೆ ಇದೇ ಗುಡಿಸಲಿನಲ್ಲಿ ಆಯಿತು. ಹೊಕ್ಕುಳ ಬಳ್ಳಿಯನ್ನು ಕೈಗೆ ಸಿಕ್ಕ ಬ್ಲೇಡಿನಲ್ಲಿ ಕೊಯ್ದಿದ್ದರು. ಯಾರೋ ಬಂದು ಕರೆದಾಗ ಅತ್ತೆ ಓಡಿಬಂದಳು. ಎಂಟನೇ ದಿನ.

"ಕೂಸು ಅಳ್ತಿರಲಿಲ್ಲ. ಅಳಾಕೆ ಬಾಯಿ ತೆಗೀಬೇಕಲ್ಲ. ದವಡೆ ಕಚ್ಕಂಡಿತ್ತು. ಮೈ ಬಿಲ್ಲಿನಂಗೆ ಬಗ್ಗಿತ್ತು. ತಾಯಿ ಹಾಲು ಕುಡಿಸಾಕೆ ನೋಡ್ತಿದ್ಳು, ಹಾಲು ತುಟಿ ಮ್ಯಾಲಿಂದ ಇಳೀತಿತ್ತು. ಎರಡು ದಿನಕ್ಕೆ ಅವಳಿಗೂ ಅದೇ ಬಂತು. ಇಬ್ರೂ ಉಳೀಲಿಲ್ಲ. ನನ್ನ ಯಾರೂ ಬೈಯ್ಲಿಲ್ಲ, ಪುಸ್ತಕದಾಗೆ ಹಾಕಿದೆ ಅಂತ ಇತ್ತಲ್ಲ. ಗಂಡಿನ ಕಡೇರು ಒಪ್ಪಿದ್ರು, ನಾನು ಬ್ಯಾಡ ಅಂದೆ."

ಕ್ಲಿನಿಕ್ಕಿನ ಕುರ್ಚಿಯಲ್ಲಿ ಯಾರು ಕೂತಿರುತ್ತಾರೆಂದು ನಾನು ಕೇಳಬೇಕಾಗಲಿಲ್ಲ.

"ಇನ್ನೂ ತೋಳು ಮ್ಯಾಕೆ ಮಾಡ್ಕಂಡೇ ಕುಂತವ್ಳೆ," ಎಂದಳು ಅತ್ತೆ.

ಆಗಲೇ ನನ್ನ ಹೊಟ್ಟೆಯಲ್ಲಿ ಮೀನು ಹೊರಳಿದಂತಾಯಿತು. ಕೂಸು ಮೊದಲ ಸಲ ಅಲ್ಲಾಡಿದ್ದು ಅಲ್ಲೇ, ಆ ಬಿಸಿಲಿನಲ್ಲೇ. ನಾನು ಬಾಯಿ ತೆರೆದು ಹೇಳುವ ಮೊದಲೇ ಸೀರೆಯ ಮೇಲೆ, ಹೊಕ್ಕುಳಿನ ಪಕ್ಕಕ್ಕೆ, ಒಂದು ಅಂಗೈಯಷ್ಟು ಜಾಗ ತಣ್ಣಗಾಯಿತು. ಬಾವಿಯ ನೀರಿನಿಂದ ಈಗ ತಾನೇ ತೆಗೆದ ಕೈ ಇಟ್ಟ ಹಾಗೆ.

ಅತ್ತೆ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಪಕ್ಕಕ್ಕೆ ನೋಡುತ್ತಿದ್ದಳು.

"ಹೆದರಬ್ಯಾಡ," ಎಂದಳು. "ಕೂಸು ಆಡ್ತೈತಾ ಅಂತ ಕೈಯಿಟ್ಟು ನೋಡ್ತವ್ಳೆ, ಅಷ್ಟೇ."

ವಿಜ್ಞಾನದ ಮೇಷ್ಟ್ರಮ್ಮ ಅಲ್ಲಿಂದ ಹೇಗೆ ನಡೆದು ಆಟೋ ಹತ್ತಿದಳೋ ನನಗೆ ಸರಿಯಾಗಿ ನೆನಪಿಲ್ಲ. ಬಿಸಿಲಿಗೆ ತಲೆ ಸುತ್ತಿರಬಹುದು, ಬಸುರಿನಲ್ಲಿ ಹಾಗೆಲ್ಲ ಆಗುತ್ತದೆ ಎಂದು ಈಗ ಹೇಳಿಕೊಳ್ಳುತ್ತೇನೆ. ಬಸ್ಸಿನಲ್ಲಿ ಕೂತ ಮೇಲೆ ಅಳು ಬಂತು. "ಅತ್ತೆ, ನಾನು ಎರಡನೇದು ಹಾಕಿಸ್ಕೊಂಡಿಲ್ಲ. ಆಸ್ಪತ್ರೇಲಿ ಎಲ್ಲ ಶುಭ್ರ ಇರುತ್ತೆ, ಒಂದೇ ಸಾಕು ಅಂದ್ಕೊಂಡೆ. ಸುಳ್ಳು ಹೇಳಿದೆ," ಎಂದೆ.

"ಗೊತ್ತು ಕಣೆ. ಹಾಕಿದೆ ಅಂತ ಸುಳ್ಳು ಬರೆದೋಳಿಗೆ, ಹಾಕಿಸ್ಕಂಡೆ ಅಂತ ಸುಳ್ಳು ಹೇಳೋಳ ಮುಖ ಗೊತ್ತಾಗಲ್ವಾ?" ಅತ್ತೆ ಡಬ್ಬಿ ತೆಗೆದು ಮಜ್ಜಿಗೆ ಕೊಟ್ಟಳು. "ಆಸ್ಪತ್ರೆ ಶುಭ್ರ ಇರ್ತೈತೆ, ಸರಿ. ಹಾದೀಲಿ ಹೆರಿಗೆ ಆದ್ರೆ? ಮನೇಲಿ ಯಾರೋ ಹೊಕ್ಕುಳಿಗೆ ಬೂದಿ ಹಚ್ಚಿದ್ರೆ? ನೀನು ಹಾಕಿಸ್ಕಂಡ್ರೆ ಅದರ ಶಕ್ತಿ ನಿನ್ನ ರಕ್ತದಿಂದ ಕೂಸಿಗೂ ಹೋಗ್ತೈತೆ. ಅದು ತಾನಾಗೇ ಬಂದು ಕೇಳಾಕಾಗಲ್ಲ."

ಸೋಮವಾರ ಬೆಳಿಗ್ಗೆ ಡಾಕ್ಟರಮ್ಮನ ಮುಂದೆ ಸುಳ್ಳು ಒಪ್ಪಿಕೊಂಡು ಸೂಜಿ ಹಾಕಿಸಿಕೊಂಡೆ. ಅವರು ಬೈಯಲಿಲ್ಲ. "ಇಂಥಾ ಸುಳ್ಳು ದಿನಾ ಕೇಳ್ತೀನಿ. ವಾಪಸ್ ಬಂದು ಹೇಳೋರು ಕಡಿಮೆ," ಎಂದರು. ತೋಳು ಈ ಸಲವೂ ಊದಿತು. ಎರಡು ದಿನಕ್ಕೆ ಇಳಿಯಿತು.

ಹೆಣ್ಣುಮಗು ಹುಟ್ಟಿತು. ಏಳು ದಿನ ಅತ್ತೆ ಈ ಕಡೆ ತಲೆ ಹಾಕಲಿಲ್ಲ. ಊರಿನ ಎಲ್ಲ ಬಾಣಂತಿಯರ ಮನೆಗೆ ಹೋಗುವವಳು ಸ್ವಂತ ಅಣ್ಣನ ಮಗಳ ಮನೆಗೆ ಬರಲಿಲ್ಲವಲ್ಲ ಎಂದು ಬಾಣಂತನಕ್ಕೆ ಬಂದಿದ್ದ ನನ್ನ ಅವ್ವನಿಗೆ ಸಿಟ್ಟು. ಎಂಟನೇ ದಿನ ಬೆಳಗಾಗುತ್ತಲೇ ಬಂದಳು. ಯಾರನ್ನೂ ಮಾತಾಡಿಸದೆ ಕೈ ತೊಳೆದು, ತೊಟ್ಟಿಲ ಪಕ್ಕ ಕೂತು, ಕಿರುಬೆರಳನ್ನು ಕೂಸಿನ ತುಟಿಗೆ ತಾಕಿಸಿದಳು. ಕೂಸು ಬೆರಳನ್ನು ಎಳೆದುಕೊಂಡು ಚೀಪಿತು. ಹಾಲಿಲ್ಲ ಎಂದು ಗೊತ್ತಾದಾಗ ಮುಖ ಕೆಂಪಗೆ ಮಾಡಿಕೊಂಡು, ಬೀದಿಗೆಲ್ಲ ಕೇಳುವಂತೆ ಅಳತೊಡಗಿತು.

ಅವ್ವ ಅಡುಗೆಮನೆಯಿಂದ ಓಡಿಬಂದಳು. "ಎತ್ಕಳೇ ಅದನ್ನ, ಎಷ್ಟೊತ್ತು ಅಳಿಸ್ತೀರಾ?"

ನಾನು ಕೈ ಚಾಚಿದೆ. ಅತ್ತೆ ನನ್ನ ಕೈ ಹಿಡಿದು ತಡೆದಳು. ಕೂಸಿನ ತೆರೆದ ಬಾಯಿಯನ್ನೇ ನೋಡುತ್ತಿದ್ದ ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ಒಂದು ಗಳಿಗೆ ಇರೇ," ಎಂದಳು. "ಇನ್ನೊಂದಿಷ್ಟು ಅಳ್ಲಿ."