ಮ್ಯಾನೇಜರರು ಓದಲೇಬೇಕಾದ ಏಳು ಪುಸ್ತಕಗಳು

ನನ್ನಲ್ಲಿ ಒಂದು ಕೆಟ್ಟ ಗುಣ ಉಂಟು. ಯಾರಾದರೂ ‘ಇದು ನಿಮ್ಮಿಂದಾಗದು’ ಎಂದರೆ ಸಾಕು, ಆ ಕೆಲಸ ಮುಗಿಸುವ ತನಕ ನನಗೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಮಾಡಲಾಗದಿದ್ದರೆ ಕೆಡಿಸಿಯಾದರೂ ಮುಗಿಸುತ್ತೇನೆ. ಹಠಕ್ಕೆ ಬಿದ್ದು ಈಜು ಕಲಿಯಲು ಹೋಗಿ ಪಯಸ್ವಿನಿಯ ನೀರು ಕುಡಿದದ್ದು, ಹಠಕ್ಕೆ ಬಿದ್ದು ವೇಷ ಕಟ್ಟಿ ರಾಮಕುಂಜದ ಯಕ್ಷಗಾನದ ಆಟದಲ್ಲಿ ಕಿರೀಟ ಬೀಳಿಸಿಕೊಂಡದ್ದು, ಎಲ್ಲವನ್ನೂ ನನ್ನ ಹೆಂಡತಿ ಸರಸ ನೆಂಟರಿಷ್ಟರ ಮುಂದೆ ಹೇಳಿ ಮುಗಿಸಿದ್ದಾಳೆ. ಪುಸ್ತಕದ ಕಥೆಯೊಂದು ಬಾಕಿ ಉಂಟು. ಅವಳು ಉಪ್ಪು ಖಾರ ಹಚ್ಚುವ ಮೊದಲು ನಾನೇ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಸುಳ್ಯದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲಿನ ಮ್ಯಾನೇಜರನಾಗಿದ್ದೆ. ಧಣಿಗಳು ಅರಂತೋಡಿನವರು, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಮ್ಯಾನೇಜರ್ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಕುರ್ಚಿಯಲ್ಲಿ ಕುಳಿತು ನೊಣ ಓಡಿಸುವುದು, ‘ಒಳಗೆ ಜಾಗ ಉಂಟು, ಬನ್ನಿ’ ಎನ್ನುವುದು, ಅಷ್ಟೇ. ಹೋಟೆಲು ನಡೆಯುತ್ತಿದ್ದದ್ದು ಅಡುಗೆಯ ಶಂಭಟ್ಟರ ಕೈಯಲ್ಲಿ. ಅವರ ಗೋಳಿಬಜೆ ತಿನ್ನದೆ ಮಡಿಕೇರಿ ಬಸ್ಸಿನ ಡ್ರೈವರ್ ಘಾಟಿ ಹತ್ತುತ್ತಿರಲಿಲ್ಲ. ಎದುರಿನ ಹೋಟೆಲಿನವನು ಭಟ್ಟರನ್ನು ಹಾರಿಸಿಕೊಂಡು ಹೋಗಲು ಹೊಂಚು ಹಾಕುತ್ತಲೇ ಇದ್ದ. ಧಣಿಗಳು ನನಗೆ ಕೊಟ್ಟ ಅಪ್ಪಣೆಯೂ ಒಂದೇ: “ನೋಡು ಮಾರಾಯ, ಭಟ್ರು ಹೋದ ದಿನ ನೀನೂ ಹೋಗು.”

ಭಟ್ಟರೂ ನಾನೂ ಹತ್ತು ವರ್ಷ ಜಗಳವಾಡಿಕೊಂಡೇ ಸುಖವಾಗಿದ್ದೆವು. ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನನ್ನ ಮಂಗಳಾರತಿ: “ಎಂತ ಭಟ್ರೇ, ಸಾಂಬಾರಾ ಇದು? ಬಟ್ಟೆ ಒಗೆದ ನೀರು ಇದಕ್ಕಿಂತ ದಪ್ಪ ಉಂಟು.” ಅವರು ಸೌಟು ಎತ್ತಿ, “ನೀವು ಬಂದು ಮಾಡಿ ನೋಡುವ! ಕುರ್ಚಿ ಬೆಚ್ಚಗೆ ಮಾಡಿದ ಹಾಗಲ್ಲ!” ಎನ್ನುತ್ತಿದ್ದರು. ಅದಾದ ಮೇಲೆ ಅವರೇ ನನಗೊಂದು ಲೋಟ ಕಾಫಿ ಕಳಿಸುತ್ತಿದ್ದರು.

ಹೀಗಿರುವಾಗ ಧಣಿಗಳು ನನ್ನನ್ನು ಪುತ್ತೂರಿಗೆ, ವ್ಯಾಪಾರಸ್ಥರ ಒಂದು ದಿನದ ಶಿಬಿರಕ್ಕೆ ಕಳಿಸಿದರು. ಟೈ ಕಟ್ಟಿದ ಮಹನೀಯರೊಬ್ಬರು ಮಧ್ಯಾಹ್ನದ ತನಕ ಮಾತಾಡಿ, ಕೊನೆಗೆ ಎಲ್ಲರಿಗೂ ಒಂದೊಂದು ಸೈಕ್ಲೋಸ್ಟೈಲ್ ಹಾಳೆ ಹಂಚಿದರು. ಮ್ಯಾನೇಜರರು, ಮುಂದಾಳುಗಳು ಓದಲೇಬೇಕಾದ ಏಳು ಪುಸ್ತಕಗಳ ಪಟ್ಟಿ, ಏಳೂ ಇಂಗ್ಲಿಷು. ಮನೆಯಲ್ಲಿ ಸರಸ ಹಾಳೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಇದು ನಿಮ್ಮಿಂದ ಆಗುದಿಲ್ಲ” ಎಂದಳು. ಮುಗಿಯಿತಲ್ಲ! ಮರುದಿನವೇ ಪುತ್ತೂರಿನ ಬಸ್ಸು ಹತ್ತಿದೆ. ಅಲ್ಲಿನ ಲೈಬ್ರರಿಯಲ್ಲಿ ಏಳರಲ್ಲಿ ಒಂದು ಸಿಕ್ಕಿತು. ಹೊದಿಕೆಯ ಮೇಲೆ ಕೋಟು ಹಾಕಿದವನೊಬ್ಬ ನಗುತ್ತಿದ್ದ. ಬಹುಶಃ ನನ್ನನ್ನೇ ನೋಡಿ.

ಊಟದ ಗಲಾಟೆ ಮುಗಿದ ಮೇಲೆ ಡಿಕ್ಷನರಿ ಮಗ್ಗುಲಲ್ಲಿಟ್ಟುಕೊಂಡು ದಿನಕ್ಕೆ ಎರಡು ಪುಟ. ಒಂದೊಂದು ಸಾಲು ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಳ್ಳುತ್ತಿತ್ತು. ಬಿಡಲಿಲ್ಲ. ಮೂರನೇ ಅಧ್ಯಾಯದಲ್ಲಿ ಒಂದು ಸಂಗತಿ ಸ್ಪಷ್ಟವಾಗಿ ಅರ್ಥವಾಯಿತು: ಕೆಲಸಗಾರರನ್ನು ಗದರಿಸಕೂಡದು, ದಿನಕ್ಕೊಮ್ಮೆ ಎದುರೆದುರೇ ಮನಸಾರೆ ಹೊಗಳಬೇಕು, ಹಾಗೆ ಮಾಡಿದರೆ ಅವರು ಎಂದೂ ಬಿಟ್ಟುಹೋಗುವುದಿಲ್ಲ. ಭಟ್ಟರನ್ನು ಉಳಿಸಿಕೊಳ್ಳುವ ಮಂತ್ರವೇ ಸಿಕ್ಕಿದಂತಾಯಿತು. ಹೊಗಳಿ ರೂಢಿಯಿಲ್ಲದ ಬಾಯಿ. ಆದರೂ ಹಲ್ಲು ಕಚ್ಚಿ ಹೊಗಳುತ್ತೇನೆಂದು ನಿಶ್ಚಯಿಸಿದೆ.

ಮೊದಲ ದಿನ, “ಭಟ್ರೇ, ಗೋಳಿಬಜೆ ಬಹಳ ಚೆನ್ನಾಗಿದೆ” ಎಂದೆ. ಅವರು ಗಾಬರಿಯಿಂದ ಒಂದನ್ನು ಬಾಯಿಗೆ ಹಾಕಿಕೊಂಡು, “ಯಾಕೆ, ಉಪ್ಪು ಹೆಚ್ಚಾಯ್ತಾ?” ಎಂದರು. ಎರಡನೇ ದಿನ ಸಾಂಬಾರನ್ನು ಹೊಗಳಿದೆ. ಅಂದು ಕಾಫಿ ಬರಲಿಲ್ಲ. ಮೂರನೇ ದಿನ ಇನ್ನೂ ಗಟ್ಟಿ ಮನಸ್ಸು ಮಾಡಿ, ಸಪ್ಲೈಯರುಗಳ ಎದುರಿಗೇ ಅವರ ಹತ್ತು ವರ್ಷದ ಸೇವೆಯನ್ನು ಕೊಂಡಾಡಿದೆ. ಅಂದು ಗೋಳಿಬಜೆ ಎಣ್ಣೆಯಲ್ಲಿ ಮುಳುಗಿ ಕೂತಿತು. ಮಡಿಕೇರಿ ಡ್ರೈವರ್ ಅರ್ಧ ತಿಂದು, ನನ್ನ ಮುಖ ನೋಡಿ ಎದ್ದುಹೋದ.

ಸಂಜೆ ಭಟ್ಟರು ಕೈ ಒರೆಸಿಕೊಂಡು ನನ್ನೆದುರು ಬಂದು ನಿಂತರು. “ನಾಳೆ ಬೆಳಿಗ್ಗೆಯ ಬಸ್ಸಿಗೆ ಕಡಬಕ್ಕೆ ಹೋಗುದು ನಾನು. ಅಲ್ಲಿ ಅಣ್ಣನ ಮನೆ ಉಂಟು.”

“ಯಾಕೆ ಭಟ್ರೇ? ಎಂತ ಆಯ್ತು?”

“ನಂಗೆ ಗೊತ್ತಾಗುದಿಲ್ವಾ ಮಾರಾಯ್ರೆ? ಮೊನ್ನೆ ಶಾಲೆಯ ಹೆಡ್ಮಾಸ್ಟ್ರನ್ನು ಬೀಳ್ಕೊಡುವಾಗಲೂ ಹೀಗೇ ಹೇಳಿದ್ದು, ಹತ್ತು ವರ್ಷದ ಸೇವೆ ಅಂತ. ಶಾಲು ಒಂದು ಬಾಕಿ. ಬೇಡದಿದ್ರೆ ಬೇಡ ಅಂತ ಹೇಳ್ಬಹುದಿತ್ತು.” ನಾನು ಪುಸ್ತಕ ತೋರಿಸಿ ಇಲ್ಲವೆಂದೆ, ಆಣೆ ಹಾಕಿದೆ. ಏನು ಹೇಳಿದರೂ ಅದು ಇನ್ನೊಂದು ಹೊಗಳಿಕೆಯಾಗಿಯೇ ಕೇಳಿಸಿತು.

ಅವರದೇನು ತಪ್ಪು? ನಮ್ಮ ಕಡೆ ಒಬ್ಬನನ್ನು ಬಾಯ್ತುಂಬ ಹೊಗಳುವುದು ಎರಡೇ ಕಡೆ, ಬೀಳ್ಕೊಡುಗೆಯಲ್ಲಿ ಮತ್ತು ಉತ್ತರಕ್ರಿಯೆಯಲ್ಲಿ. ಎರಡನೆಯದಕ್ಕೆ ಹೊಗಳಿಸಿಕೊಳ್ಳುವವನೇ ಇರುವುದಿಲ್ಲ. ಊಟ ರುಚಿಯಾದರೆ ಇನ್ನೊಂದು ಸಲ ಬಡಿಸಿಕೊಳ್ಳುತ್ತೇವೆಯೇ ಹೊರತು ಬಾಯಿಬಿಟ್ಟು ಹೇಳುವ ಕ್ರಮವಿಲ್ಲ.

ಮನೆಗೆ ಹೋಗಿ ತಲೆಯ ಮೇಲೆ ಕೈ ಹೊತ್ತು ಕೂತೆ. ಸರಸ ಎಲ್ಲ ಕೇಳಿ, “ನಾಳೆ ಹೋಗಿ ಬೈಯಿರಿ. ನಿಮಗೆ ಸರಿಯಾಗಿ ಬರುದು ಅದೊಂದೇ” ಎಂದಳು.

ಬೆಳಿಗ್ಗೆ ಹೋದಾಗ ಭಟ್ಟರ ಟ್ರಂಕು ಅಡುಗೆಮನೆಯ ಬಾಗಿಲಲ್ಲಿತ್ತು. ಹೋಗುವ ದಿನವೂ ಗಿರಾಕಿಗಳಿಗೆ ತೊಂದರೆಯಾಗಬಾರದೆಂದು ಕೊನೆಯ ಒಬ್ಬೆ ಗೋಳಿಬಜೆ ಎಣ್ಣೆಗೆ ಬಿಡುತ್ತಿದ್ದರು. ಒಂದನ್ನು ಬಾಯಿಗೆ ಹಾಕಿಕೊಂಡೆ. ಹಾಳಾದ್ದು, ಅಮೃತದ ಹಾಗಿತ್ತು! ಕಣ್ಣು ಮುಚ್ಚಿ ಕೂಗಿದೆ: “ಎಂತ ಭಟ್ರೇ ಇದು, ಬಜೆಯಾ ಕಲ್ಲಾ? ಜನರ ಹಲ್ಲು ಉದುರಿದ್ರೆ ನೀವು ಕಟ್ಟಿಸಿ ಕೊಡ್ತೀರಾ?”

ಸೌಟು ಮೇಲೆದ್ದಿತು. “ಕಲ್ಲು ಇರುದು ನಿಮ್ಮ ತಲೆಯಲ್ಲಿ! ಹತ್ತು ವರ್ಷ ತಿಂದಿದ್ದೀರಲ್ಲ, ಎಷ್ಟು ಹಲ್ಲು ಹೋಗಿದೆ, ತೋರಿಸಿ ನೋಡುವ!” ಎನ್ನುತ್ತ ಭಟ್ಟರು ಟ್ರಂಕನ್ನು ಕಾಲಿನಿಂದಲೇ ಒಳಗೆ ನೂಕಿದರು. ಸ್ವಲ್ಪ ಹೊತ್ತಿಗೆ ನನ್ನ ಮೇಜಿಗೆ ಕಾಫಿ ಬಂತು. ನನಗೆ ಕಣ್ಣು ತುಂಬಿತು. ಒಲೆಯ ಹೊಗೆ ಎಂದು ಎಲ್ಲರಿಗೂ ಹೇಳಿದೆ.

ಆ ವಾರ ಬಂದ ಧಣಿಗಳು ಮೇಜಿನ ಮೇಲಿದ್ದ ಪುಸ್ತಕ ನೋಡಿ, “ಮ್ಯಾನೇಜರಿಗೆ ಓದ್ಲಿಕ್ಕೆ ಆಗುದಾದ್ರೆ ಧಣಿಗೆ ಆಗುದಿಲ್ವಾ?” ಎಂದು ಕಂಕುಳಿಗೆ ಸಿಕ್ಕಿಸಿಕೊಂಡು ಹೋದರು. ಮುಂದಿನ ವಾರ ಬಂದವರು ಗಂಟಲು ಸರಿಮಾಡಿಕೊಂಡು, ನನ್ನ ಹೆಗಲ ಮೇಲೆ ಕೈಯಿಟ್ಟು, ಎಲ್ಲರ ಎದುರು ಹೇಳಿದರು: “ನಿಮ್ಮ ಹಾಗಿನ ಮ್ಯಾನೇಜರು ಈ ಸುಳ್ಯದಲ್ಲೇ ಇಲ್ಲ.” ಅಲ್ಲಿಯ ತನಕ ಅವರು ನನಗೆ ‘ನೀವು’ ಎಂದವರೇ ಅಲ್ಲ.

ನೆಟ್ಟಗೆ ಮನೆಗೆ ಬಂದು ಸರಸಳಿಗೆ ಧಣಿಗಳ ಮಾತು ತಿಳಿಸಿ, ಅಟ್ಟದಿಂದ ಟ್ರಂಕು ಇಳಿಸಲು ಹೇಳಿದೆ.

“ಅಯ್ಯೋ, ಅದು ಮೂರನೇ ಅಧ್ಯಾಯ ಅಲ್ವಾ?” ಎಂದಳು ಅವಳು. “ನೀವೇ ಓದಿದ್ದು! ಗೊತ್ತಾಗ್ಲಿಲ್ವಾ?”

“ಗೊತ್ತಾಯ್ತು” ಎಂದೆ. “ಆದರೂ ಒಮ್ಮೆ ಇಳಿಸಿಡು.”