ನನ್ನ ಪಾಲಿನ ಸಜ್ಜಿಗೆ

ಸಕ್ಕರೆ ಕಾಯಿಲೆ ಬರುವುದು ಒಬ್ಬರಿಗೆ, ಪೊಲೀಸ್ ಕೆಲಸ ಸಿಗುವುದು ಇನ್ನೊಬ್ಬರಿಗೆ. ನನಗೆ ಶುಗರ್ ಇದೆಯೆಂದು ಡಾಕ್ಟರು ಹೇಳಿದ ದಿನದಿಂದ ನನ್ನ ಹೆಂಡತಿ ಗಿರಿಜಾ ನನ್ನನ್ನು ನಂಬುವುದನ್ನೇ ಬಿಟ್ಟಳು. ವಾಕಿಂಗ್ ಮುಗಿಸಿ ಬಂದರೆ ಬಾಗಿಲಲ್ಲೇ ತಡೆದು, "ಎಲ್ಲಿ, ಕೈ ತೋರಿಸಿ" ಎಂದು ಮೂಸುತ್ತಾಳೆ. ನಮ್ಮ ಕುವೆಂಪುನಗರದ ಪಾರ್ಕಿನ ಎದುರಿಗೇ ಮಿಠಾಯಿ ಅಂಗಡಿ ಇದೆ. ಅದನ್ನು ಅಲ್ಲಿ ಇಟ್ಟವನು ನಾನಲ್ಲ. "ಬರೀ ಗಾಳಿ ಕುಡಿದು ಬಂದೆ ಕಣೇ" ಅಂದರೆ, "ಗಾಳಿಗೆ ತುಪ್ಪದ ವಾಸನೆ ಎಲ್ಲಿಂದ ಬಂತು?" ಅನ್ನುತ್ತಾಳೆ.

ಅನುಮಾನ ಅಂಟುಜಾಡ್ಯ. ನನಗೂ ಅಂಟಿತು. ನಮ್ಮ ಬೀದಿಯಲ್ಲಿ ಆಗಾಗ ಯಾರ ಮನೆಯಲ್ಲಾದರೂ ಪೂಜೆ ಇದ್ದೇ ಇರುತ್ತದೆ. ಪಕ್ಕದ ಮನೆಯ ರಾಜಮ್ಮನವರಂತೂ ಬಟ್ಟಲು ತುಂಬ ಸಜ್ಜಿಗೆ ತಂದು, "ಪ್ರಸಾದ ಕಣ್ರೀ, ಬೇಡ ಅನ್ಬಾರ್ದು" ಎಂದು ಕೊಟ್ಟು ಹೋಗುತ್ತಾರೆ. ದ್ರಾಕ್ಷಿ, ಗೋಡಂಬಿ, ಬಾಳೆಹಣ್ಣು... ಅಯ್ಯೋ ಶಿವನೇ! ನಾನು ಹಲ್ಲು ಕಚ್ಚಿಕೊಂಡು, ಕಣ್ಣಿಗೊತ್ತಿಕೊಂಡು ಗಿರಿಜಾಳ ಕೈಗೆ ಕೊಡುತ್ತೇನೆ. ಸ್ವಲ್ಪ ಹೊತ್ತಿಗೆ ನೋಡಿದರೆ ಬಟ್ಟಲು ತೊಳೆದು ಬೋರಲು ಹಾಕಿರುತ್ತದೆ! ಮನೆಯಲ್ಲಿರುವುದು ಇಬ್ಬರೇ, ನಾನು ತಿಂದಿಲ್ಲ. ನನಗೆ ಹಾಗಲಕಾಯಿ ಪಲ್ಯ ಬಡಿಸಿ ಇವಳು ಅಡುಗೆಮನೆಯಲ್ಲಿ ಹಬ್ಬ ಮಾಡುತ್ತಿದ್ದಾಳೆಂದು ಹೊಟ್ಟೆ ಉರಿಯಿತು.

ಒಂದು ಬೆಳಿಗ್ಗೆ ಬೆರಳು ಚುಚ್ಚಿ ನೋಡುವ ಮಿಷನ್ನು ನನ್ನ ಶುಗರ್ ಜಾಸ್ತಿ ತೋರಿಸಿತು. "ಏನು ತಿಂದ್ರಿ, ನಿಜ ಹೇಳಿ" ಎಂದು ವಿಚಾರಣೆ ಶುರುವಾಯಿತು. "ಮಿಷನ್ನೇ ಕೆಟ್ಟಿದೆ. ಬೇಕಾದರೆ ನಿನ್ನ ಬೆರಳು ಕೊಡು" ಅಂದೆ. ಕೊಟ್ಟಳು. ನನಗಿಂತ ಜಾಸ್ತಿ ಬಂತು. "ನೋಡಿದ್ಯಾ, ಕೆಟ್ಟಿದೆ ಅಂದ್ನಲ್ಲ!" ಎಂದು ಕುಣಿದೆ. ಲ್ಯಾಬಿನಲ್ಲೂ ಅದೇ ಬಂದಾಗ ಕುಣಿತ ನಿಂತಿತು.

ಡಾಕ್ಟರ ಮುಂದೆ ಗಿರಿಜಾ ತಲೆ ತಗ್ಗಿಸಿ ಹೇಳಿದಳು: "ನನಗೆ ಸಿಹಿ ಅಷ್ಟಕ್ಕಷ್ಟೇ ಡಾಕ್ಟ್ರೇ. ಆದ್ರೆ ಪ್ರಸಾದ ಎಸೆಯೋ ಹಾಗಿಲ್ಲ. ಇಟ್ರೆ ಇವರು ಬಿಡೋರಲ್ಲ. ಅದಕ್ಕೇ ಇವರ ಪಾಲೂ ನಾನೇ ತಿಂದ್ಬುಡ್ತಿದ್ದೆ." ಎಂಥ ಹೆಂಗಸಿನ ಮೇಲೆ ಎಂಥ ಅನುಮಾನ! ಕಾಯಿಲೆ ಪ್ರಸಾದದಿಂದಲೇ ಬಂದದ್ದಲ್ಲ, ಮೊದಲೇ ಒಳಗೆ ಇದ್ದಿರಬೇಕು, ಇನ್ನು ಮುಂದೆ ಮಾತ್ರ ಹುಷಾರಾಗಿರಿ ಎಂದರು ಡಾಕ್ಟರು.

ಮೊನ್ನೆ ಹುಣ್ಣಿಮೆಗೆ ರಾಜಮ್ಮನವರು ಮತ್ತೆ ಬಟ್ಟಲು ಕೊಟ್ಟು ಹೋದರು. ಗಿರಿಜಾಳ ಕೈ ಅದರತ್ತ ಹೋಗುವುದರೊಳಗೆ ನಾನು ಕಸಿದುಕೊಂಡೆ. "ನನಗೋಸ್ಕರ ನೀನು ತಿಂದದ್ದು ಸಾಕು ಕಣೇ. ಇನ್ನು ಮೇಲೆ ನಿನ್ನ ಪಾಲೂ ನನಗೇ ಇರಲಿ" ಎಂದು ದೊಡ್ಡ ತುತ್ತು ಬಾಯಿಗೆ ಹಾಕಿಕೊಂಡೆ.

ಅವಳು ನನ್ನನ್ನೇ ದಿಟ್ಟಿಸಿ ನೋಡಿದಳು. "ರೀ, ಇದು ನನ್ ಮೇಲಿನ ಪ್ರೀತಿನಾ, ಸಜ್ಜಿಗೆ ಮೇಲಿನದಾ?"

ಬಾಯಿ ತುಂಬಿದ್ದರಿಂದ ಉತ್ತರ ಹೇಳಲಾಗಲಿಲ್ಲ.