ಉಪಗ್ರಹವೂ ನನ್ನ ಗ್ರಹಚಾರವೂ

“ನಮ್ಮ ಮನೆಯ ಸೂರಿನ ಮೇಲೆ ಡಿಶ್ ಕೂರಿಸೋಕೆ ಇನ್ನೊಬ್ಬ ಬರಬೇಕಾ? ನಾನೇನು ಸತ್ತಿದ್ದೀನಾ?” ಎಂದು ಘರ್ಜಿಸಿದೆ.

ಘರ್ಜನೆಗೆ ಕಾರಣವಿತ್ತು. ಮನೆ, ಅಂಗಡಿ, ಕಾರ್ಖಾನೆಗಳಿಗೆಲ್ಲ ಉಪಗ್ರಹದಿಂದ ಇಂಟರ್ನೆಟ್ ಇಳಿಸಿಕೊಡುವ ಕಂಪನಿಯೊಂದರಲ್ಲಿ ಆರು ವರ್ಷಗಳಿಂದ ಗ್ರಾಹಕರ ಫೋನಿಗೆ ಉತ್ತರ ಕೊಡುವವನು ನಾನು. “ತುಂಬಾ ಸುಲಭ ಸಾರ್, ಮಕ್ಕಳೂ ಜೋಡಿಸಬಹುದು” ಎಂದು ದಿನಕ್ಕೆ ನಲವತ್ತು ಸಲ ಹೇಳುವ ನಾಲಿಗೆ ನನ್ನದು. ಕೈ ಮಾತ್ರ ಈವರೆಗೆ ಒಂದು ಡಿಶ್ಶನ್ನೂ ಮುಟ್ಟಿರಲಿಲ್ಲ!

ಅಂದು ಹನ್ನೊಂದು ಗಂಟೆಗೆ ನನ್ನ ಹೆಂಡತಿಗೆ ವೀಡಿಯೊ ಸಂದರ್ಶನ. ಅದೂ ನಮ್ಮದೇ ಕಂಪನಿಯಲ್ಲಿ, ಸಿಬ್ಬಂದಿಗೆ ತರಬೇತಿ ಕೊಡುವ ಹುದ್ದೆಗೆ! ಮಕ್ಕಳಿಗಾಗಿ ಶಾಲೆಯ ಕೆಲಸ ಬಿಟ್ಟು ಒಂಬತ್ತು ವರ್ಷವಾಗಿತ್ತು ಅವಳಿಗೆ. ಬೆಳಗಿನಿಂದ ಕನ್ನಡಿಯ ಮುಂದೆ ನಿಂತು ಉತ್ತರಗಳನ್ನು ಉರುಹೊಡೆಯುತ್ತಿದ್ದಳು.

“ರೀ, ಇಲ್ಲಿ ಮೊಬೈಲ್ ಸಿಗ್ನಲ್ಲೂ ಬರಲ್ಲ, ಪಕ್ಕದ ಮನೆ ಅಜ್ಜಿ ಹತ್ರ ವೈಫೈ ಇದೆ. ಅಲ್ಲೇ ಹೋಗಿ ಕೂತ್ಕೋತೀನಿ.”

“ನಮ್ಮ ಕಂಪನಿ ಸಂದರ್ಶನಕ್ಕೆ ಬೇರೆ ಕಂಪನಿ ವೈಫೈನಾ? ನನ್ನ ಮಾನ ಏನಾಗ್ಬೇಕು?”

“ಮಾನ ಆಮೇಲೆ ನೋಡೋಣ. ಫಿಟ್ಟರ್‌ನಾದ್ರೂ ಕರೀರಿ!”

“ಅರ್ಧ ಗಂಟೆ ಕೆಲಸ ಕಣೆ!”

ರಜೆ ಹಾಕಿ ಹತ್ತು ಗಂಟೆಗೆ ಏಣಿ ಹತ್ತಿದೆ. ಹತ್ತೂವರೆಗೆ ಇಳಿಜಾರು ಶೀಟಿನ ಮೇಲೆ ಕಂಬ ವಿಜಯಸ್ತಂಭದಂತೆ ನಿಂತಿತು. ಕೇಬಲ್ ಕಿಟಕಿಯಿಂದ ಒಳಗೆ ಹೋಯಿತು. ನಾಲ್ಕು ಬೋಲ್ಟುಗಳನ್ನು ಬಾಯಲ್ಲಿ ಕಚ್ಚಿಕೊಂಡು, ಡಿಶ್ ಎತ್ತಿ, ಕೆಳಗಿದ್ದವಳಿಗೆ “ಮುಗೀತು!” ಎಂದು ಕೂಗಿದೆ.

ಬಾಯಿ ತೆರೆಯಿತಲ್ಲ! ನಾಲ್ಕೂ ಟಣ್ ಟಣ್ ಎಂದು ಉರುಳುತ್ತ ಹೋಗಿ ಮಳೆನೀರಿನ ಕೊಳವೆಯಲ್ಲಿ ಮಾಯ! ಉಪಗ್ರಹ ಸಿಗುವ ಮೊದಲೇ ಗ್ರಹಚಾರ ಸಿಕ್ಕಿತ್ತು.

“ಹತ್ತೇ ನಿಮಿಷ ಇದೆ ರೀ! ಅಜ್ಜಿ ಬೇರೆ ಬೀಗ ಹಾಕ್ಕೊಂಡು ಹೊರಟುಹೋದ್ರು!” ಅವಳ ದನಿ ನಡುಗಿತು.

“ಹೆದರ್ಬೇಡ! ನಾನೇ ಕಂಬ ಆಗ್ತೀನಿ!”

ಡಿಶ್ಶನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದೆ.

“ಎಡಕ್ಕೆ! ಅಯ್ಯೋ, ನಿಮ್ಮ ಎಡ ಅಲ್ಲ, ನನ್ನ ಎಡ! ಬಂತು, ಬಂತು! ಇನ್ನು ಉಸಿರಾಡ್ಬೇಡಿ!”

ಸಂದರ್ಶನ ಶುರುವಾಯಿತು. ಕಿಟಕಿ ನನ್ನ ಕಾಲ ಕೆಳಗೇ ಇದ್ದುದರಿಂದ ಎಲ್ಲವೂ ಕೇಳುತ್ತಿತ್ತು. ಅರಳು ಹುರಿದಂತೆ ಉತ್ತರ ಕೊಡುತ್ತಿದ್ದಳು! ತೋಳು ಸೋತರೂ ನನ್ನ ಎದೆ ಹಿಗ್ಗಿತು. ಆ ಹೊತ್ತಿಗೆ ಒಂದು ನೊಣ ಬಂದು ನನ್ನ ಮೂಗಿನ ತುದಿಯ ಮೇಲೆ ಠಿಕಾಣಿ ಹೂಡಿತು. ಓಡಿಸಲು ಕೈ ಎಲ್ಲಿದೆ?

“ಗ್ರಾಹಕರು ಗಾಬರಿಯಾಗಿದ್ದಾಗ ಏನ್ ಮಾಡ್ತೀರಾ?” ಎಂದು ನಮ್ಮ ಮ್ಯಾನೇಜರ್ ಕೇಳಿದರು.

“ಆಕ್ಷೀ!” ಎಂದೆ ನಾನು.

ಸಂಪರ್ಕ ಕಡಿಯಿತು. ಹೆಂಡತಿಯ ತಲೆ ಕಿಟಕಿಯಿಂದ ಹೊರಬಂತು. ಸಹಸ್ರನಾಮಕ್ಕೆ ಸಿದ್ಧನಾಗಿ ಕಣ್ಣು ಮುಚ್ಚಿದೆ. ಆದರೆ ಬಂದದ್ದು ಮಗುವನ್ನು ಮಲಗಿಸುವಂಥ ದನಿ.

“ಗಾಬರಿ ಬೇಡ. ಮೊದಲು ಕಾಲು ಗಟ್ಟಿಯಾಗಿ ಊರಿ. ಈಗ ಡಿಶ್ಶನ್ನ ನಿಧಾನಕ್ಕೆ ಮೇಲೆತ್ತಿ. ಒಂದು ಚೂರು ಅಜ್ಜಿ ಮನೆ ನೀರಿನ ಟ್ಯಾಂಕ್ ಕಡೆ ತಿರುಗಿಸಿ. ಹಾಂ, ಚೆನ್ನಾಗಿ ಮಾಡಿದ್ರಿ.”

ಅಷ್ಟರಲ್ಲಿ ಸಂಪರ್ಕ ಮರಳಿ, ಕೊನೆಯ ಮಾತು ಮ್ಯಾನೇಜರ್ ಕಿವಿಗೂ ಬಿತ್ತು.

“ಯಾರ ಹತ್ರಮ್ಮ ಮಾತಾಡ್ತಿದ್ದೀರಿ?”

“ಗಾಬರಿಯಾದ ಗ್ರಾಹಕರ ಹತ್ರ ಸಾರ್. ಸೂರಿನ ಮೇಲಿದ್ದಾರೆ.”

ಅಭ್ಯಾಸಬಲ ನೋಡಿ! “ನಮಸ್ಕಾರ ಸಾರ್!” ಎಂದು ನಾನು ಮೇಲಿಂದಲೇ ಕೂಗಿಬಿಟ್ಟೆ.

“ಈ ದನಿ ದಿನಾ ಆಫೀಸಲ್ಲಿ ಕೇಳ್ತೀನಲ್ಲ!” ಎಂದ ಮ್ಯಾನೇಜರ್, ಬಿದ್ದು ಬಿದ್ದು ನಕ್ಕು, ಅವಳಿಗೆ ಅಲ್ಲೇ ಕೆಲಸ ಕೊಟ್ಟರು. ನಾನು ಸೂರಿನ ಮೇಲೆಯೇ ಕುಣಿಯಬೇಕೆಂದಿದ್ದೆ, ಕೈಗಳು ಕೆಳಗಿಳಿಯಲೇ ಇಲ್ಲ!

ಸೋಮವಾರ ಅವಳ ಮೊದಲ ತರಗತಿ. ನಮ್ಮ ಇಡೀ ವಿಭಾಗ ಬೆಂಚುಗಳಲ್ಲಿ ಕೂತಿತ್ತು.

“ಡಿಶ್ಶನ್ನ ಯಾಕೆ ಕೈಯಲ್ಲಿ ಹಿಡೀಬಾರದು? ಅನುಭವಸ್ಥರು ಯಾರಾದ್ರೂ ಹೇಳ್ತೀರಾ?”

ಇಪ್ಪತ್ತು ತಲೆಗಳು ಒಟ್ಟಿಗೆ ನನ್ನತ್ತ ತಿರುಗಿದವು. ಆರು ವರ್ಷದ ಸೇವಾನುಭವಿ ನಾನು, ಎದ್ದು ನಿಂತು ಕೈಕಟ್ಟಿಕೊಂಡು ಹೇಳಿದೆ:

“ನೊಣ ಓಡಿಸೋಕಾಗಲ್ಲ, ಮೇಡಂ.”